ದೂರ ನಿಂತವನು

ಷಡಕ್ಷರಪ್ಪ ಮತ್ತೆ ದೂರದಲ್ಲೇ ನಿಂತುಬಿಟ್ಟ. ರಿಂಗಿನ ಕೆಳಗೆ ನುಗ್ಗಲು ಒಂದು ಸಂದು ಸಿಕ್ಕಿತ್ತು. ನಾಲ್ಕು ಹೆಜ್ಜೆ ಓಡಿ ಬಾಲನ್ನು ಬೋರ್ಡಿಗೆ ತಾಗಿಸಿದ್ದರೆ ಸಾಕಿತ್ತು. ಅವನು ಓಡಲಿಲ್ಲ. ಇದ್ದಲ್ಲೇ ಕಾಲೂರಿ, ಎದೆಯ ಮುಂದೆ ಎರಡೂ ಕೈಯಲ್ಲಿ ಬಾಲು ಹಿಡಿದು ಎಸೆದ. ಅದು ರಿಂಗಿನ ಅಂಚಿಗೆ ಬಡಿದು ಹೊರಗೆ ಬಿತ್ತು. ಭದ್ರಾವತಿಯ ನ್ಯೂ ಟೌನ್ ಮೈದಾನದ ಸುತ್ತ ನಿಂತಿದ್ದ ಕಾರ್ಖಾನೆಯ ಜನ ನಕ್ಕರು.

ಶಿವಮೊಗ್ಗದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಅಂದು ಕಾರ್ಖಾನೆಯವರ ಮೇಲೆ ಆಡಲು ಬಂದದ್ದು ಗೆಲ್ಲುವುದಕ್ಕಲ್ಲ. ಮೈಸೂರಿನ ಅಂತರ ಕಾಲೇಜು ಪಂದ್ಯಕ್ಕೆ ತಂಡದಲ್ಲಿ ಇನ್ನೊಂದೇ ಜಾಗ ಉಳಿದಿತ್ತು. ಅದು ಷಡಕ್ಷರಪ್ಪನಿಗೋ, ಭುಜಬಲದಿಂದ ನುಗ್ಗುವ ಚೌಡಪ್ಪನಿಗೋ ಎಂದು ಆಟದ ಮೇಷ್ಟ್ರು ಧರ್ಮಪ್ಪನವರು ಆ ಸಂಜೆಯೇ ತೀರ್ಮಾನಿಸಬೇಕಿತ್ತು. ವಿರಾಮದ ಸೀಟಿ ಆದದ್ದೇ ತಂಡದ ನಾಯಕ ಜಯಪ್ಪ ಅವರ ಬಳಿ ಬಂದು ಬೇಸರ ತೋಡಿಕೊಂಡ. ದೂರದ ಎಸೆತಕ್ಕೆ ಮೂರು ಪಾಯಿಂಟು ಕೊಡುವ ನಿಯಮ ಆಗಿನ್ನೂ ಬಂದಿರಲಿಲ್ಲ.

"ಹತ್ರದಿಂದ ಹಾಕಿದ್ರೂ ಎರಡೇ ಪಾಯಿಂಟು, ದೂರದಿಂದ ಹಾಕಿದ್ರೂ ಎರಡೇ ಪಾಯಿಂಟು ಸಾರ್. ಬಾಗ್ಲು ತೆಗ್ದಿದ್ರೂ ಈ ಮಾರಾಯ ರಸ್ತೇಲಿ ನಿಂತ್ಕೊಂಡು ಕಿಟಕಿಯಿಂದ ಅಕ್ಕಿ ಮೂಟೆ ಒಳಗೆ ಎಸೀತಾನೆ."

ಧರ್ಮಪ್ಪನವರಿಗೆ ಸಿಟ್ಟು ಬರಲಿಲ್ಲ, ಸೋಜಿಗವಾಯಿತು. ಹೋದ ವರ್ಷ ಇದೇ ಹುಡುಗ ಹಸುವಿನ ಕೆಚ್ಚಲಿಗೆ ಕರು ನುಗ್ಗುವ ಹಾಗೆ ರಿಂಗಿನ ಕೆಳಗೆ ನುಗ್ಗುತ್ತಿದ್ದ. ದೀಪಾವಳಿಯಿಂದೀಚೆಗೆ, ಯಾರೋ ಅಲ್ಲಿ ರಂಗೋಲಿ ಹಾಕಿಟ್ಟಿದ್ದಾರೆ, ತುಳಿಯಬಾರದು ಎಂಬಂತೆ ದೂರದಲ್ಲೇ ನಿಲ್ಲುತ್ತಿದ್ದಾನೆ. ಅವನನ್ನು ಪಕ್ಕಕ್ಕೆ ಕರೆದು, ಭಯವೇನಪ್ಪಾ ಎಂದು ಕೇಳಿದರು. ಅಲ್ಲ ಎಂದು ತಲೆಯಾಡಿಸಿದ. ಜಯಪ್ಪ ನಲ್ಲಿಯ ಹತ್ತಿರ ಇರುವುದನ್ನು ನೋಡಿಕೊಂಡು, ಬನಿಯನ್ನಿನ ಕೊರಳನ್ನು ಸ್ವಲ್ಪ ಜಗ್ಗಿದ. ಒಳಗೆ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು.

"ನನ್ನ ಕೊರಳಲ್ಲೂ ಇದೆಯಲ್ಲಪ್ಪಾ," ಎಂದರು ಮೇಷ್ಟ್ರು. "ಬಿಗಿಯಾಗಿ ಕಟ್ಕೊ. ಬೀಳಲ್ಲ."

"ಬೀಳುತ್ತೆ ಅಂತಲ್ಲ ಸಾರ್." ಷಡಕ್ಷರಪ್ಪ ತಡವರಿಸಿದ. "ಹಬ್ಬದ ಮುಂದೆ ಜಯಪ್ಪನ ಹುಬ್ಬು ಸೀಳಿತಲ್ಲ, ನನ್ನ ಮೊಣಕೈ ತಾಗಿದ್ದು ಅಂತ ಎಲ್ರೂ ಅಂದ್ಕೊಂಡ್ರು. ಮೊಣಕೈ ಅಲ್ಲ ಸಾರ್, ಇದು. ಬೆಳಿಗ್ಗೆ ಅಂಗೈಲಿಟ್ಟು ಪೂಜೆಗೆ ಕೂತ್ರೆ ಆ ರಕ್ತಾನೇ ಕಣ್ಣಿಗೆ ಬರುತ್ತೆ. ಅವನಿಗೆ ಹೇಳಿದ್ರೆ ತೆಗ್ದಿಟ್ಟು ಬಾ ಅಂತಾನೆ. ಅದಂತೂ ಆಗಲ್ಲ. ಅದಕ್ಕೇ ಯಾರಿಗೂ ತಾಗದ ಹಾಗೆ ದೂರ ನಿಲ್ತೀನಿ. ಟೀಮಿಂದ ಬಿಟ್ರೆ ಬಿಡಿ."

ಹಾಗೆಂದು ಬನಿಯನ್ನಿನ ಕೊರಳು ಸರಿಪಡಿಸಿಕೊಂಡ. ಹಿತ್ತಲ ಹುಣಸೆಮರಕ್ಕೆ ಪೀಪಾಯಿಯ ಬಳೆ ಕಟ್ಟಿ, ಇಡೀ ಚಳಿಗಾಲ ದೂರದಿಂದ ಎಸೆಯುವುದನ್ನು ಅವನು ಕಲಿತದ್ದು ತಂಡದಿಂದ ಹೊರಬೀಳುವುದಕ್ಕಲ್ಲ.

ಮೇಷ್ಟ್ರು ಯೋಚಿಸಿದರು. ಹುಡುಗನ ಮನಸ್ಸು ದೊಡ್ಡದು, ನಿಜ. ಆದರೆ ಕನಿಕರಪಟ್ಟು ಜಾಗ ಕೊಟ್ಟರೆ ಚೌಡಪ್ಪನಿಗೆ ಅನ್ಯಾಯವಾಗುತ್ತದೆ. ಆಟಕ್ಕೆ ಇವನಿಂದ ಏನು ಉಪಯೋಗ ಎಂಬುದನ್ನು ಆಟವೇ ಹೇಳಬೇಕು. "ಹೋಗು, ನೀನು ನಿಲ್ಲೋ ಕಡೆನೇ ನಿಲ್ಲು. ನಾನು ನೋಡ್ತೀನಿ," ಎಂದು ಕಳಿಸಿದರು.

ಮಂಗಳಾರತಿಯಲ್ಲಿ ಎಲ್ಲರ ಕಣ್ಣೂ ದೀಪದ ಹಿಂದೆ ಹೋಗುವಂತೆ ಆಟದಲ್ಲಿ ಕಣ್ಣು ಬಾಲಿನ ಹಿಂದೆ ಹೋಗುತ್ತದೆ. ಧರ್ಮಪ್ಪನವರು ಅಂದು ಬಾಲನ್ನು ಬಿಟ್ಟು ಷಡಕ್ಷರಪ್ಪನನ್ನೇ ನೋಡಿದರು. ಅವನು ಎಸೆದದ್ದು ಒಂದು ಒಳಗೆ ಬಿತ್ತು, ಒಂದು ಹೊರಗೆ ಹೋಯಿತು, ಮತ್ತೊಂದು ರಿಂಗನ್ನು ಮುಟ್ಟದೆ ಒಳಗಿಳಿಯಿತು. ಕಾರ್ಖಾನೆಯ ತಂಡದ ಕರಿಯಪ್ಪ, ಬಾಗಿಲಿಗೆ ತಲೆ ತಗ್ಗಿಸಿಯೇ ನಡೆಯುವಷ್ಟು ಎತ್ತರದ ಆಳು, ಆವರೆಗೂ ರಿಂಗಿನ ಕೆಳಗೆ ಕಂಬದಂತೆ ನಿಂತು ಜಯಪ್ಪನನ್ನು ಒಳಗೆ ಬಿಟ್ಟಿರಲಿಲ್ಲ. ಈಗ, ದೂರದ ಎಸೆತವನ್ನು ತಡೆಯೋ ಎಂದು ಜೊತೆಯವರು ಬೈದದ್ದಕ್ಕೆ, ಷಡಕ್ಷರಪ್ಪನ ಎದುರಿಗೆ ಬಂದು ನಿಂತ. ಷಡಕ್ಷರಪ್ಪ ಬಾಲನ್ನು ಜಯಪ್ಪನ ಕಡೆ ದಾಟಿಸಿದ. ಜಯಪ್ಪ ಒಳಗೆ ನುಗ್ಗಿ ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದ. ಆಮೇಲೂ ಹಾಕುತ್ತಲೇ ಹೋದ.

ಯಾರದೋ ಕೈ ತಪ್ಪಿ ಬಾಲು ರಸ್ತೆಯಾಚೆಯ ಚರಂಡಿಗೆ ಬಿತ್ತು. ತರಲು ಒಬ್ಬ ಓಡಿದ. ಜಯಪ್ಪ ಬೆವರೊರೆಸಿಕೊಳ್ಳುತ್ತ ಮೇಷ್ಟ್ರ ಬಳಿ ಬಂದ, ಮುಖದಲ್ಲಿ ಹಿಗ್ಗು.

"ಇವತ್ತು ಕಾಲಿಗೆ ಏನು ಬಂತೋ ಗೊತ್ತಿಲ್ಲ ಸಾರ್, ಎಲ್ಲಿ ಹೋದ್ರೂ ದಾರಿ. ಅವನು ನೋಡಿ, ಎಸೆಯೋದನ್ನೂ ನಿಲ್ಸಿದಾನೆ. ಚೌಡಪ್ಪನಿಗೇ ಹೇಳ್ಬಿಡಿ."

ಮೇಷ್ಟ್ರು ಅವನ ಭುಜ ಹಿಡಿದು ಅಂಕಣದ ಕಡೆ ತಿರುಗಿಸಿದರು. "ನೋಡ್ಕೊಂಡು ನೀನೇ ಹೇಳಪ್ಪಾ, ಮೈಸೂರಿಗೆ ಯಾರು ಬೇಕು?"

ಬಾಲು ಇನ್ನೂ ಚರಂಡಿಯಿಂದ ಬಂದಿರಲಿಲ್ಲ. ಷಡಕ್ಷರಪ್ಪ ಅಷ್ಟು ದೂರದಲ್ಲಿ ಬರಿಗೈಲಿ ನಿಂತಿದ್ದ. ಅವನ ಎದುರಿಗೆ ಕರಿಯಪ್ಪ ಎರಡೂ ತೋಳು ಚಾಚಿಕೊಂಡು, ಕಣ್ಣು ಕೀಳದೆ ಕಾಯುತ್ತಲೇ ಇದ್ದ. ಜಯಪ್ಪ ಕರಿಯಪ್ಪನನ್ನು ನೋಡಿ, ಅವನು ಬಿಟ್ಟುಬಂದ ಜಾಗದ ಕಡೆ ಕಣ್ಣು ಹೊರಳಿಸಿದ. ಚೌಡಪ್ಪನ ಹೆಸರು ಅವನ ಬಾಯಿಗೆ ಮತ್ತೆ ಬರಲಿಲ್ಲ. ಆ ಕಡೆ, ರಿಂಗಿನ ಕೆಳಗಿನ ಬಯಲಿಗೆ ಬೀದಿನಾಯಿಯೊಂದು ಬಂದು, ಮಣ್ಣು ಮೂಸಿ, ತನ್ನ ಸುತ್ತ ತಾನೇ ಒಂದು ಸುತ್ತು ತಿರುಗಿ, ನಿಶ್ಚಿಂತೆಯಿಂದ ಮಲಗಿಕೊಂಡಿತು.