ವಿಮಾನಕ್ಕೊಂದು ಕಸಬರಿಗೆ

ಹೈಡ್ರೋಜನ್ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಹೈಡ್ರೋಜನ್ ಇಂಧನ ತುಂಬಿದ ಮೇಲೆ, ಬಂಗಾರೆವ್ವ ಉದ್ದ ಕೋಲಿನ ಕಸಬರಿಗೆಯನ್ನು ಮುಂದೆ ಚಾಚಿಕೊಂಡು ವಿಮಾನದ ಸುತ್ತ ನಡೆಯುತ್ತಾಳೆ. ಅದರ ಕಡ್ಡಿ ಹೊತ್ತಿಕೊಳ್ಳದಿದ್ದರೆ ಎಲ್ಲೂ ಬೆಂಕಿಯಿಲ್ಲವೆಂದು ಪ್ರಯಾಣಿಕರನ್ನು ಕರೆಯುತ್ತಾಳೆ.

ಆ ದಿನವೂ ಹೊತ್ತಲಿಲ್ಲ. ಅವಳು ಕಸಬರಿಗೆ ಹಿಡಿದೇ ಪ್ರಯಾಣಿಕರತ್ತ ಬಂದಳು. ಸಾಲಿನ ಮುಂದಿದ್ದ ಮುದುಕಿ ಹೌಹಾರಿ ನಿಂತುಬಿಟ್ಟಳು.

"ಮಗಳ ಹೆರಿಗಿಗೆ ಹೊಂಟೀನಿ. ಕಸಬರಿಗಿ ಎದುರಿಗೆ ಹಿಡ್ಕೊಂಡ ಬರ್ತೀಯಲ್ಲ! ನಾ ಒಲ್ಲೆ."

"ಎಲ್ಲಾರೂ ಹತ್ತೂತನಕ ಇದನ್ನ ಕೆಳಗ ಇಡಾಂಗಿಲ್ರೀ ಯಮ್ಮಾ. ಇವತ್ತು ಇದೊಂದ ವಿಮಾನ ಐತಿ."

"ಹಂಗಾರ ನಾಳೆ ಹೋಗ್ತೀನಿ."

"ಕೂಸು ನಾಳೆತನಕ ತಡೀತದೇನ್ರೀ?"

ಮುದುಕಿಯ ಕಣ್ಣು ತುಂಬಿ ಬಂತು. ಆದರೂ ಕಾಲು ಕೀಳಲಿಲ್ಲ. ಬಂಗಾರೆವ್ವ ತುಸು ಯೋಚಿಸಿ, ಅವಳಿಗೆ ಬೆನ್ನು ಮಾಡಿ ವಿಮಾನದ ಕಡೆ ತಿರುಗಿದಳು.

"ಈಗ ಎದುರಿಗಿಲ್ಲ. ನನ್ನ ಹೆಗಲು ಹಿಡ್ಕೊಂಡ ಹಿಂದ ಬರ್ರಿ. ನಿಮ್ಮ ದಾರಿ ಗುಡಿಸ್ಕೋತ ಹೋಗ್ತೀನಿ."

"ಹಾಂ, ಇದಕ್ಕ ಅಡ್ಡಿಯಿಲ್ಲ," ಎಂದು ಮುದುಕಿ ಹೆಗಲು ಹಿಡಿದಳು. ಉಳಿದ ನಲವತ್ತು ಜನವೂ ನಗುತ್ತ ಒಬ್ಬರ ಹಿಂದೊಬ್ಬರು ನಡೆದರು.

ಮೆಟ್ಟಿಲು ಹತ್ತಿದ ಮುದುಕಿ ತಿರುಗಿ ಹೇಳಿದಳು: "ಕೂಸಿನ್ನ ಕರ್ಕೊಂಡು ಹೊಳ್ಳಿ ಬಂದಾಗೂ ನೀನ ಮುಂದ ನಡೀಬೇಕು ನೋಡವ್ವಾ."