ಗಂಟೆ ಹೊಡೆಯದ ಪತ್ರ

ಹೊಸ ಕಂಪ್ಯೂಟರಿಗೆ ನಲವತ್ತೆರಡು ಸಾವಿರ, ಮೂರು ಟೇಬಲ್ಲಿಗೆ ಎಳೆದ ವೈರಿಗೆ ನಾಲ್ಕು ಸಾವಿರ, ಮುಧೋಳದಿಂದ ಬಂದು ಜೋಡಿಸಿಕೊಟ್ಟ ಜ್ಞಾನೇಶ್ವರನ ಕೂಲಿ ಎರಡು ಸಾವಿರ. ಹಳೆ ಕಂಪ್ಯೂಟರಿನಲ್ಲಿ ಮೊದಲಿಂದಲೂ ಇದ್ದ, ಮೇಲ್ ಬಂದರೆ ‘ಟಿಂಗ್’ ಎನ್ನುವ ಗಂಟೆಗೆ ಬಿಲ್ಲಿನಲ್ಲಿ ಏನೂ ಹಾಕಿರಲಿಲ್ಲ. ಆದರೆ ಘಟಪ್ರಭೆಯ ದಂಡೆಯ ಆ ಏತ ನೀರಾವರಿ ಸಂಘದಲ್ಲಿ ಮಳೆಗಾಲವಿಡೀ ಎಲ್ಲರೂ ನಂಬಿಕೊಂಡಿದ್ದು ಆ ಗಂಟೆಯನ್ನೇ. ಮೇಲಿನ ಬ್ಯಾರೇಜಿನ ಗೇಟು ಎತ್ತಿದ ಕೂಡಲೇ ಸಂಘಕ್ಕೆ ಮೇಲ್ ಬರುತ್ತಿತ್ತು. ಅದಾದ ಮೂರು ತಾಸಿಗೆ ನೀರು ಬರುತ್ತಿತ್ತು.

ಗುರುವಾರ ಹನ್ನೆರಡಕ್ಕೆ ಹೊಳೆದಂಡೆಯಿಂದ ಪಂಪಿನ ದಶರಥ ಎಂದಿನಂತೆ ಫೋನ್ ಮಾಡಿದ. “ಗಂಟಿ ಹೊಡೀತೇನ ತಂಗಿ? ನಾನೂ ಈರಪ್ಪನೂ ಜಾಕ್‌ವೆಲ್ಲಿನ ರಾಡಿ ತೆಗಿಯಾಕ ಇಳಿಯಾಕತ್ತೇವಿ.”

“ಇಲ್ಲ ದಶರಥಣ್ಣ, ಇಳೀರಿ,” ಎಂದಳು ಆಫೀಸಿನ ಸಂಧ್ಯಾ. ಜಾಕ್‌ವೆಲ್ಲೆಂದರೆ ದಂಡೆಯ ಮೇಲಿನ ನಲವತ್ತಡಿ ಬಾವಿ. ಹೊಳೆ ಏರಿದರೆ ಕೆಳಗಿನ ಪೈಪಿನಿಂದ ನೀರು ನೇರ ಒಳಗೇ ನುಗ್ಗುತ್ತದೆ. ಅದರ ತಳದಲ್ಲಿ ಫೋನ್ ಹತ್ತುವುದಿಲ್ಲ.

ಒಂದೂಕಾಲಿಗೆ ಪ್ರಿಂಟರ್ ನೋಡಲು ಜ್ಞಾನೇಶ್ವರ ಬಂದ. ಸಂಧ್ಯಾ ನಕ್ಕಳು. “ನೀವು ಸೋಮವಾರ ಜೋಡಿಸಿ ಹೋದಾಗಿಂದ ಈ ಗಂಟಿ ಭಾಳ ಶಾಣ್ಯಾ ಆಗೇತ್ರಿ, ಬಾಯಿನ ತೆಗಿವಲ್ದು.”

“ಮೇಲ್ ಬಂದಿರಾಕಿಲ್ಲ ಅಕ್ಕಾರ,” ಎನ್ನುತ್ತ ಅವನು ಅವಳ ಕಂಪ್ಯೂಟರಿನಿಂದಲೇ ಸಂಘದ ಮೇಲ್ ಪೆಟ್ಟಿಗೆಗೊಂದು ಪತ್ರ ಹಾಕಿದ. ಟಿಂಗ್! “ನೋಡ್ರಿ, ಛಲೋನ ಐತಿ.” ಆಮೇಲೆ ಏನನಿಸಿತೋ, ತನ್ನ ಮೊಬೈಲಿನಿಂದ ಸಂಘದ ವಿಳಾಸಕ್ಕೆ ಇನ್ನೊಂದು ಕಳಿಸಿದ. ಇಬ್ಬರೂ ಕಾದರು. ಒಂದು ನಿಮಿಷ ಆಯಿತು, ಎರಡಾಯಿತು. ಜ್ಞಾನೇಶ್ವರನ ಮುಖ ಇಳಿಯಿತು.

“ಅಕ್ಕಾರ, ಪೆಟ್ಟಿಗಿ ಇರೋದು ಸೆಕ್ರೆಟರಿ ಸಾಹೇಬರ ಖೋಲ್ಯಾಗಿನ ಹೊಸ ಮಷಿನ್ಯಾಗ. ಗಂಟಿ ಇರೋದು ಇಲ್ಲಿ. ಇಲ್ಲಿಂದ ಹಾಕಿದ್ದಷ್ಟ ಇದಕ್ಕ ತಿಳೀತೈತಿ. ಅಲ್ಲಿ ಬಂದು ಬಿದ್ದದ್ದು ಇದಕ್ಕ ಗೊತ್ತಾಗಂಗಿಲ್ಲ. ನಿಮಿಷಕ್ಕೊಮ್ಮೆ ಹೋಗಿ ನೋಡು ಅಂತ ನಾ ಇದಕ್ಕ ಹೇಳಬೇಕಾಗಿತ್ತು, ಮರತೆ.”

ಸಂಧ್ಯಾ ಅವನ ಮಾತು ಮುಗಿಯುವ ಮೊದಲೇ ಪೆಟ್ಟಿಗೆ ತೆರೆದಳು. ಓದದ ಹನ್ನೊಂದು ಪತ್ರಗಳು. ಮೇಲಿನಿಂದ ಮೂರನೆಯದು ಬ್ಯಾರೇಜಿನದು: ಹನ್ನೊಂದು ಗಂಟೆಗೆ ಗೇಟು ಎತ್ತಲಾಗಿದೆ. ಬಂದದ್ದು ಹನ್ನೊಂದು ಹತ್ತಕ್ಕೆ. ಗೋಡೆಯ ಗಡಿಯಾರ ಒಂದು ಇಪ್ಪತ್ತೆಂಟು ತೋರಿಸುತ್ತಿತ್ತು. “ಗಾಡಿ ತೆಗೀರಿ,” ಎಂದಷ್ಟೇ ಅಂದಳು.

ಐದು ಕಿಲೋಮೀಟರು ಕಬ್ಬಿನ ನಡುವಿನ ದಾರಿ, ತುಂಬ ಕೆಸರು, ಮೇಲೆ ಜಿಟಿಜಿಟಿ ಮಳೆ. ಎರಡು ಕಡೆ ಗಾಡಿ ಜಾರಿತು. ಹೊಳೆ ನೋಡಿದರೆ ಸುಮ್ಮನೆ ಮಲಗಿದಂತಿತ್ತು; ಅದನ್ನು ಕಂಡು ಅವಳ ಭಯ ಇನ್ನೂ ಹೆಚ್ಚಿತು. ಬಾವಿಯ ಬಾಯಿಗೆ ಬಗ್ಗಿ ಕೂಗಿದಳು. “ಅಣ್ಣಾ, ಮ್ಯಾಲ ಬರ್ರಿ!”

ಆಳದಿಂದ ದಶರಥನ ದನಿ ಬಂತು. “ಯಾಕ ತಂಗಿ? ಇನ್ನ ನಾಕ ಬುಟ್ಟಿ ಐತಿ.”

“ಬುಟ್ಟಿ ಹಾಳಾಗ್ಲಿ! ನೀರು ಬಿಟ್ಟಾರ!”

“ಗಂಟಿ ಹೊಡೀತೇನ?”

ನಿಜ ಹೇಳುತ್ತ ಕೂಡಲು ಹೊತ್ತಿರಲಿಲ್ಲ. “ಹೊಡೀತು, ಈಗ ಹೊಡೀತು!” ಎಂದು ಚೀರಿದಳು.

ಈರಪ್ಪ ಮೊದಲು ಏರಿದ. ದಶರಥ ಏಣಿಯ ನಡುಮಧ್ಯ ಇದ್ದಾಗ ಕೆಳಗಿನ ಪೈಪು ಗುರಗುಟ್ಟಿತು. ಕೆಂಪು ನೀರು ಉಕ್ಕಿ ಬಂದು, ಅವನ ಪಾದಕ್ಕೆ ಬಡಿದು, ಮೊಣಕಾಲಿಗೆ ಹತ್ತಿತು. ಜ್ಞಾನೇಶ್ವರ ಮತ್ತು ಈರಪ್ಪ ತೋಳು ಹಿಡಿದು ಜಗ್ಗಿದರು. ಅವನು ದಂಡೆಯ ಮೇಲೆ ಬೋರಲು ಬಿದ್ದು ತಿರುಗಿ ನೋಡುವಷ್ಟರಲ್ಲಿ ಬುಟ್ಟಿ, ಸಲಿಕೆ, ನೀರು ಬಸಿಯಲು ಇಳಿಸಿದ್ದ ಮೋಟಾರು ಯಾವುದೂ ಕಾಣಲಿಲ್ಲ.

ಉಸಿರು ಹತೋಟಿಗೆ ಬಂದ ಮೇಲೆ ದಶರಥ ಕೇಳಿದ. “ಗೇಟು ಎತ್ತಿದ್ದು ಯಾವಾಗ ತಂಗಿ? ಈಗ ಗಂಟಿ ಹೊಡೆದರ ನೀರು ಇಷ್ಟ ಲಗೂನ ಬರಂಗಿಲ್ಲಲ್ಲ.”

ಬ್ಯಾರೇಜಿನವರೇ ತಡವಾಗಿ ತಿಳಿಸಿದರು ಎಂದರೆ ಸುಳ್ಳು ಹಾಗೇ ಉಳಿಯುತ್ತಿತ್ತು. ಸಂಧ್ಯಾ ಹೇಳಿದಳು. “ಗಂಟಿ ಹೊಡೀಲಿಲ್ಲಣ್ಣ. ಮೇಲ್ ಹನ್ನೊಂದು ಹತ್ತಕ್ಕ ಬಂದಿತ್ತು. ನಾ ನೋಡಿರಲಿಲ್ಲ.”

“ನಾವು ಇಳಿದದ್ದ ಹನ್ನೆರಡಕ್ಕ,” ಎಂದ ಈರಪ್ಪ.

ದಶರಥ ತೊಯ್ದ ಪಂಚೆ ಹಿಂಡಿದ. ಬೈಯಲಿಲ್ಲ. ಕೊನೆಗೆ ಎದ್ದು, “ಆತ್ರಿ ಮೇಡಮ್. ಮನಿಗಿ ಹೋಗ್ರಿ, ತೊಯ್ದೀರಿ,” ಎಂದ.

ಎರಡು ಜೀವ ಉಳಿದವು. ಒಂದು ಮೋಟಾರು ಹೋಯಿತು. ಐದು ವರ್ಷ ತಂಗಿ ಎಂದು ಕರೆದವನ ಬಾಯಲ್ಲಿ ಸಂಧ್ಯಾ ಅಂದಿನಿಂದ ಮೇಡಮ್ ಆಗಿಯೇ ಉಳಿದಳು.