ಕುಣಿಯಿಂದ ಮೇಲಕ್ಕೆ

ಕೈಮಗ್ಗ ಸುಧಾರಣೆಯ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಕಮರಿಪೇಟೆಯ ಆ ಮನೆಯೊಳಗೆ ಬಗ್ಗಿ ನೋಡಿದರು. ಮಕ್ತುಮಸಾಬ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ನೆಲದ ಅಂಚಿಗೆ ಕೂತು ಸೀರೆ ನೇಯುತ್ತಿದ್ದ. ಸಾಹೇಬರ ಕರುಳು ಚುರುಕ್ ಎಂದಿತು. ಜಗತ್ತು ವಿಮಾನದಲ್ಲಿ ಹಾರಾಡುತ್ತಿರುವಾಗ ಮನುಷ್ಯನೊಬ್ಬ ಇನ್ನೂ ಕುಣಿಯಲ್ಲಿದ್ದಾನೆ.

ಉದ್ಧಾರದ ಹುಕುಂ ನಿಂತ ನಿಲುವಿನಲ್ಲೇ ಹೊರಬಿತ್ತು. ಸರಕಾರ ಎತ್ತರದ ಹೊಸ ಮಗ್ಗವನ್ನು ಪುಕ್ಕಟೆ ಕೊಡುತ್ತದೆ. ಕುಣಿಯನ್ನು ಮಾತ್ರ ನಾಳೆಯೊಳಗೆ ಮುಚ್ಚಬೇಕು. ನಾಡಿದ್ದು ಮುಂಬಯಿಯಿಂದ ದೊಡ್ಡ ಸಾಹೇಬರು ನೋಡಲು ಬರುವವರಿದ್ದರು.

ಮಕ್ತುಮಸಾಬ ಕೈ ಮುಗಿದ. ಕುಣಿಯ ತಂಪಿಗೆ ನೂಲು ಮೆತ್ತಗಿರುತ್ತದೆ, ಮೇಲಿನ ಬಿಸಿಗಾಳಿಗೆ ಪಟಪಟ ಹರಿಯುತ್ತದೆ ಎಂದು ತಿಳಿಸಿ ಹೇಳಿದ. ಮಗ್ಗದ ಮೇಲಿದ್ದದ್ದು ದುರ್ಗದಬೈಲಿನ ವ್ಯಾಪಾರಿ ಗುರುಸಿದ್ದಯ್ಯನ ಮಗಳ ಮದುವೆ ಸೀರೆ. ಇನ್ನೂ ಅರ್ಧ ಉಳಿದಿತ್ತು; ಕುಣಿ ಮುಚ್ಚಬೇಕಾದರೆ ಅದನ್ನು ನಡುವೆಯೇ ಕತ್ತರಿಸಿ ಮಗ್ಗ ಬಿಚ್ಚಬೇಕು.

"ಎಂಟು ದಿನ ಕೊಡ್ರಿ ಸಾಹೇಬ್ರ. ಮದಿವಿ ಸೀರಿ ಮುಗಿಯೂಮಟಾ ಅದಕ್ಕ ಕತ್ತರಿ ಹಚ್ಚಬಾರದ್ರಿ."

ಸಾಹೇಬರು ನಕ್ಕರು. ತಲೆಮಾರುಗಟ್ಟಲೆ ಕುಣಿಯಲ್ಲಿ ಕೂತವರಿಗೆ ಮೇಲಿನ ಗಾಳಿ ಎಲ್ಲಿ ರುಚಿಸೀತು ಎಂದು ಗುಮಾಸ್ತನ ಕಡೆ ತಿರುಗಿ ಹೇಳಿದರು. ಯುದ್ಧದ ಕಾಲ, ಪರವಾನಗಿ ಇಲ್ಲದೆ ಒಂದೆಳೆ ನೂಲು ಸಿಗುತ್ತಿರಲಿಲ್ಲ. ಪರವಾನಗಿಗೆ ಸಹಿ ಹಾಕುವವರೂ ಇವರೇ. ಬಡವನ ಸಿಟ್ಟು ದವಡೆಗೆ ಮೂಲ. ಹೆಂಡತಿ ಖಾತುನಬಿ ಕತ್ತರಿ ತಂದುಕೊಟ್ಟಳು.

ದೊಡ್ಡ ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು, ಎತ್ತರದ ಹಲಗೆಯ ಮೇಲೆ ಕೂತ ನೇಕಾರನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವರ ಮೋಟಾರು ಓಣಿ ದಾಟುವ ಮೊದಲೇ ನಾಲ್ಕು ಎಳೆ ಹರಿದವು. ಗಂಟು ಹಾಕಿದರೆ ಎಂಟು ಹರಿದವು. ಗುರುಸಿದ್ದಯ್ಯ ಸೀರೆಯನ್ನು ಬೇರೆ ಕಡೆ ಕೊಂಡ. ಮಗಳ ಮದುವೆಗೆ ಅರ್ಧ ಸೀರೆ ಉಡಿಸಲು ಅವನಿಗೇನು ಹುಚ್ಚೇ? ಆಮೇಲೆ ಆ ಮನೆಗೆ ಸೀರೆ ಹೇಳಲು ಯಾರೂ ಬರಲಿಲ್ಲ.

ಮೂರು ತಿಂಗಳ ಮೇಲೆ ಸಾಹೇಬರು, ಆದ ಉದ್ಧಾರವನ್ನು ಬರೆದುಕೊಳ್ಳಲು ಮತ್ತೆ ಬಂದರು. ಹೊಸ ಮಗ್ಗದ ಮೇಲೆ ಎರಡು ಕೋಳಿ ಕೂತಿದ್ದವು. ನೇಕಾರ ಎಲ್ಲಿ ಎಂದು ಕೇಳಿದರು.

"ಕೂಲಿಗೆ ಹೋಗ್ಯಾರ್ರಿ," ಎಂದಳು ಖಾತುನಬಿ. "ನೇಕಾರರ ಉದ್ಧಾರಕ್ಕಂತ ನಿಮ್ಮದು ಹೊಸಾ ಆಫೀಸ ಕಟ್ಟಾಕತ್ತಾರಲ್ರಿ, ಅದರ ಪಾಯಾ ತೋಡಾಕ. ನಮ್ಮ ಕುಣಿ ಮೊಣಕಾಲಮಟಾ ಇತ್ರಿ. ಇದು ಎದಿಮಟಾ ಐತಂತ."